ಮಾತನಾಡಿಸುವವರು ಬೇಕು



ಮಗುವು ಹಾಲಿನಿಂದ ಮಾತ್ರ ಬೆಳೆಯುವುದಿಲ್ಲ. ರುಮೇನಿಯ ದೇಶದಲ್ಲಿ 1989ರ ಕ್ರಾಂತಿಯ ನಂತರ ಅನಾಥಾಲಯಗಳ ಬಾಗಿಲು ತೆರೆದಾಗ, ಎತ್ತಿ ಮುದ್ದಿಸುವವರಿಲ್ಲದೆ ಸೊರಗಿದ ಸಹಸ್ರಾರು ಶಿಶುಗಳನ್ನು ಜಗತ್ತು ಕಂಡಿತು. 2000ದಲ್ಲಿ ಆರಂಭವಾದ ಅಧ್ಯಯನವೊಂದರಲ್ಲಿ ಬುಕಾರೆಸ್ಟ್ ನಗರದ ಅಂತಹ 136 ಮಕ್ಕಳ ಪೈಕಿ ಅರ್ಧದಷ್ಟು ಮಂದಿಯನ್ನು ಸಾಕುಕುಟುಂಬಗಳಿಗೆ ಒಪ್ಪಿಸಲಾಯಿತು. ಎರಡು ವರ್ಷ ತುಂಬುವ ಮುನ್ನವೇ ಮನೆ ಸೇರಿದವರು ತಡವಾಗಿ ಸೇರಿದವರಿಗಿಂತ ಚೆನ್ನಾಗಿ ಚೇತರಿಸಿಕೊಂಡರು.

ಶಾಲೆ, ಗೆಳೆತನ, ಉದ್ಯೋಗ, ವಿವಾಹಗಳು ಕಲಿಸುವ ಪಾಠಗಳನ್ನು ನೀವೇ ಬಲ್ಲಿರಿ. ನನ್ನ ಚಿಂತೆ ಮುಪ್ಪಿನದು. ಹಾರ್ವರ್ಡ್ ಕಾಲೇಜಿನ 268 ವಿದ್ಯಾರ್ಥಿಗಳಿಂದ 1938ರಲ್ಲಿ ಆರಂಭವಾಗಿ, ಬಾಸ್ಟನ್ ನಗರದ ಬಡಕೇರಿಗಳ 456 ಹುಡುಗರನ್ನೂ ಒಳಗೊಂಡ ಅಧ್ಯಯನವೊಂದು ಎಂಬತ್ತು ವರ್ಷಗಳನ್ನು ಮೀರಿ ನಡೆದಿದೆ. ಐವತ್ತರ ಪ್ರಾಯದಲ್ಲಿ ತಮ್ಮವರೊಡನೆ ತೃಪ್ತಿಯಿಂದಿದ್ದವರೇ ಎಂಬತ್ತರಲ್ಲಿ ಹೆಚ್ಚು ಆರೋಗ್ಯವಂತರಾಗಿದ್ದರೆಂದು ಅದು ಕಂಡುಕೊಂಡಿತು. ರಕ್ತದ ಕೊಲೆಸ್ಟರಾಲ್ ಲೆಕ್ಕವೂ ಅಷ್ಟು ಸರಿಯಾಗಿ ಮುನ್ಸೂಚನೆ ನೀಡಲಿಲ್ಲವಂತೆ!

ಮಗು ತೊದಲಿದರೆ ಮನೆಮಂದಿಯೆಲ್ಲ ಓಡಿಬರುತ್ತೇವೆ. ಅಜ್ಜಿ ಹೇಳಿದ ಕತೆಯನ್ನೇ ಮತ್ತೆ ತೆಗೆದರೆ ಮೆಲ್ಲನೆ ಎದ್ದುಹೋಗುತ್ತೇವೆ. ನಾನೂ ಇದಕ್ಕೆ ಹೊರತಲ್ಲ. ಮೊದಲ ಶುಕ್ರವಾರ ರೋಗಿಗಳಿಗೆ ಪರಮಪ್ರಸಾದವನ್ನು ಕೊಂಡೊಯ್ದಾಗ ವೃದ್ಧೆಯೊಬ್ಬರು, "ಸ್ವಾಮಿ, ಒಂದು ಗಳಿಗೆ ಕೂತ್ಕೊಳ್ಳಿ" ಎಂದರು. ಇನ್ನೂ ಮೂರು ಮನೆಗಳಿವೆಯೆಂದು ಹೇಳಿ ಹೊರಟುಬಿಟ್ಟೆ. ಮುಂದಿನ ತಿಂಗಳು ಹೋದಾಗ ಅವರಿರಲಿಲ್ಲ.

ಅಂದಿನಿಂದ ಈ ಭೇಟಿಗಳಿಗೆ ಯುವಜನರಿಬ್ಬರನ್ನು ಜೊತೆಗೆ ಕರೆದೊಯ್ಯುತ್ತಿದ್ದೇನೆ. ನಾನು ಮುಂದಿನ ಮನೆಗೆ ನಡೆದರೂ ಅವರು ಅಲ್ಲಿಯೇ ಕುಳಿತಿರುತ್ತಾರೆ. ಇನ್ನೂ ನಾಲ್ವರು ಬೇಕಾಗಿದ್ದಾರೆ. ಬಲಿಪೂಜೆಯ ನಂತರ ಬಂದು ನನ್ನನ್ನು ಕಾಣಿರಿ.