ನೂರು ವರ್ಷ ಮಲಗಿದ ರಾಜಕುಮಾರಿ
(ಶತಮಾನೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



ಗೋವೆಯ ಪುಟ್ಟದೊಂದು ಕನ್ನಡ ಶಾಲೆಯಿಂದ ಕಾಳಿ ನದಿಯನ್ನು ದಾಟಿ ಬಂದ ನಮಗೆ, ನೂರು ತುಂಬಿದ ಶಾಲೆಯ ಅಂಗಳದಲ್ಲಿ ನಿಂತು ಮಾತನಾಡುವುದು ಸೌಭಾಗ್ಯವೇ ಸರಿ. ಮಕ್ಕಳ ಓದಿನ ಕುರಿತು ಹೇಳಬೇಕೆಂದು ಆಹ್ವಾನ ಬಂದಾಗ, ಹೆಣ್ಣುಮಕ್ಕಳು ಮೆಚ್ಚಿ ಓದುವ ಅದ್ಭುತ ಚಿತ್ರಕಥೆಗಳನ್ನೇ ವಿಷಯವಾಗಿ ಆರಿಸಿಕೊಂಡೆವು. ಇಂಥ ಸಭೆಗೆ ಇದು ಹಗುರವೆಂದು ಕೆಲವರಿಗೆ ಅನ್ನಿಸೀತು. ಒಂದು ಕಾಲದಲ್ಲಿ ನಮಗೂ ಹಾಗೆಯೇ ಅನ್ನಿಸುತ್ತಿತ್ತು.

ಸುಮಾರು ಇಪ್ಪತ್ತು ವರ್ಷಗಳ ಹಿಂದಿನ ಮಾತು. ಗಣಿತದ ಪಾಠದ ನಡುವೆ ನಾಲ್ಕನೆಯ ತರಗತಿಯ ಹುಡುಗಿಯೊಬ್ಬಳು ಪಾಟಿಚೀಲದ ಮರೆಯಲ್ಲಿ ಮುಖಪುಟ ಹರಿದ ಚಿತ್ರಕಥೆಯೊಂದನ್ನು ಓದುತ್ತಿದ್ದಳು. ನಾವು ಅದನ್ನು ಕಸಿದು ಕಪಾಟಿನಲ್ಲಿಟ್ಟು ಬೀಗ ಹಾಕಿದೆವು. ವಾರ ಕಳೆದ ಮೇಲೆ ಆಕೆ ಕಚೇರಿಯ ಬಾಗಿಲಲ್ಲಿ ನಿಂತು, "ಅಕ್ಕೋರ, ಅದನ್ನ ನಮ್ಮವ್ವಗ ಓದಿ ಹೇಳಾಕತ್ತಿದ್ದೆ. ನೂರು ವರ್ಷ ಮಕ್ಕೊಂಡಾಕಿ ಎದ್ದಳೋ ಇಲ್ಲೋ ಅಂತ ಅವ್ವ ದಿನಾ ಕೇಳತಾಳ" ಎಂದಳು. ಬಾಗಲಕೋಟೆಯ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದಿದ್ದ ಆ ತಾಯಿಗೆ ಅಕ್ಷರ ಗೊತ್ತಿರಲಿಲ್ಲ. ಅವರ ಗುಡಿಸಲಿನಲ್ಲಿದ್ದ ಕನ್ನಡದ ಪುಸ್ತಕ ಅದೊಂದೇ. ಅದನ್ನು ನಾವು ಬೀಗ ಹಾಕಿ ಇಟ್ಟಿದ್ದೆವು.

ಆ ದಿನದಿಂದ ನಾವು ಚಿತ್ರಕಥೆಗಳನ್ನು ಬೇರೆಯೇ ಕಣ್ಣಿನಿಂದ ನೋಡತೊಡಗಿದೆವು. ಇಡೀ ದೇಶ ಬಲ್ಲ 'ಅಮರ ಚಿತ್ರಕಥೆ' ಮೊದಲು ಹುಟ್ಟಿದ್ದು ಕನ್ನಡದಲ್ಲಿ. 1965ರಲ್ಲಿ ಬೆಂಗಳೂರಿನಲ್ಲಿ ಇಂಡಿಯಾ ಬುಕ್ ಹೌಸ್‌ನ ಜಿ.ಕೆ. ಅನಂತರಾಮ್ ಅವರ ಪ್ರಯತ್ನದಿಂದ ಹೊರದೇಶದ ಅದ್ಭುತ ಕಥೆಗಳು ಕನ್ನಡ ಚಿತ್ರಪುಸ್ತಕಗಳಾಗಿ ಬಂದವು. ಕಾರ್ಕಳದಲ್ಲಿ ಜನಿಸಿದ ಅನಂತ ಪೈ ಅವರು ಇಂಗ್ಲಿಷಿನಲ್ಲಿ 'ಕೃಷ್ಣ'ನನ್ನು ಹೊರತಂದಾಗ ಅದರ ಸಂಖ್ಯೆ ಹನ್ನೊಂದು. ಮೊದಲ ಹತ್ತು ಸ್ಥಾನ ಆ ಅದ್ಭುತ ಕಥೆಗಳದು. ಸಿಂಡ್ರೆಲಾ, ಹಿಮಸುಂದರಿ, ನಿದ್ರಾಸುಂದರಿ ಎಲ್ಲರೂ ಆ ಹತ್ತರಲ್ಲಿದ್ದರು.

ಆದರೆ ಈ ಮೂವರೂ ಮಾಡುವುದೇನು? ಕಾಯುತ್ತಾರೆ. ಇಬ್ಬರಂತೂ ಮಲಗಿಯೇ ಕಾಯುತ್ತಾರೆ. ಮುಂದೆ 'ಬಾಲಮಂಗಳ'ದ ಡಿಂಗನಿಗಾಗಿ ಹುಡುಗಿಯರೂ ಹುಡುಗರಷ್ಟೇ ಆತುರದಿಂದ ಕಾದರು, ಆದರೆ ಆ ಸಾಹಸಿಯೂ ಗಂಡೇ. ಇಂಗ್ಲಿಷಿನ 'ಟಿಂಕಲ್' ಪತ್ರಿಕೆ 2015ರಲ್ಲಿ ಮಿಜೋರಾಮಿನ ಮಾಪುಯಿ ಎಂಬ ಹದಿಮೂರರ ಬಾಲೆಯನ್ನು 'ವಿಂಗ್‌ಸ್ಟಾರ್' ಎಂಬ ಹೆಸರಿನಲ್ಲಿ ಆಕಾಶಕ್ಕೆ ಹಾರಿಸಿತು. ಅಂಥವಳೊಬ್ಬಳು ನಮ್ಮ ಭಾಷೆಯಲ್ಲಿ, ಗದಗಿನಿಂದಲೋ ಕೊಪ್ಪಳದಿಂದಲೋ ಹೊರಟು ಬರಬಾರದೇ ಎಂದು ನಮಗೆ ಅನ್ನಿಸುವುದುಂಟು.

ಇದು ಕೇವಲ ಮನರಂಜನೆಯ ಪ್ರಶ್ನೆಯಲ್ಲ. ಪ್ರಾಥಮಿಕ ಹಂತ ಮುಗಿದೊಡನೆ ನಮ್ಮ ಬಹುಪಾಲು ಮಕ್ಕಳು ಇಂಗ್ಲಿಷ್ ಮಾಧ್ಯಮಕ್ಕೆ ಹೋಗುತ್ತಾರೆ. ಅಷ್ಟರೊಳಗೆ ಕನ್ನಡದ ಓದು ರುಚಿಯಾಗಿ ನಾಲಿಗೆಗೆ ಹತ್ತದಿದ್ದರೆ ಮತ್ತೆ ಹತ್ತುವುದು ಕಷ್ಟ. ಚಿತ್ರಕಥೆಯಲ್ಲಿ ಮಾತು ಚಿಕ್ಕದು, ಚಿತ್ರ ಪಕ್ಕದಲ್ಲೇ ಇರುತ್ತದೆ. 'ರಾಕ್ಷಸ' ಎಂಬಲ್ಲಿ ಎಡವುವ ಮಗು ಕೋರೆಹಲ್ಲು ನೋಡಿ ಪದವನ್ನು ಊಹಿಸಿ, ಮರಳಿ ಅಕ್ಷರಕ್ಕೆ ಬಂದು ತಿದ್ದಿಕೊಳ್ಳುತ್ತದೆ. ಒತ್ತಕ್ಷರಗಳನ್ನು ನಮ್ಮ ಬೆತ್ತ ಕಲಿಸಿದ್ದಕ್ಕಿಂತ ರಾಕ್ಷಸರು ಕಲಿಸಿದ್ದೇ ಹೆಚ್ಚು.

ಕಳೆದ ವರ್ಷ ನಾಲ್ಕನೆಯ ತರಗತಿಯ ಹೆಣ್ಣುಮಕ್ಕಳು ನಿದ್ರಾಸುಂದರಿಯ ಕಥೆಯನ್ನು ತಾವೇ ಎಂಟು ಪುಟಗಳಲ್ಲಿ ಬರೆದು, ಚಿತ್ರಿಸಿದರು. ಅವರ ಕಥೆಗೆ ರಾಜಕುಮಾರ ಬರುವುದೇ ಇಲ್ಲ. "ಏಳ, ನಳದ ನೀರು ಬಂದೈತಿ" ಎಂದು ಅವ್ವ ಕೂಗಿದೊಡನೆ ರಾಜಕುಮಾರಿ ದಡಬಡಿಸಿ ಏಳುತ್ತಾಳೆ! ನಳದಲ್ಲಿ ನೀರಿಲ್ಲ. ಕೊಡ ಹಿಡಿದು, ಹಾರುವ ಮೀನನ್ನೇರಿ ದೂಧಸಾಗರದ ತುದಿಗೆ ಹೋಗಿ, ನೀರಿಗೆ ಬೀಗ ಹಾಕಿದ್ದ ರಾಕ್ಷಸನಿಂದ ಕೀಲಿಕೈ ಕಿತ್ತುಕೊಂಡು ಬರುತ್ತಾಳೆ. ಊರಿಗೆ ಹೋಗಿಬರುವಾಗ ರೈಲಿನ ಕಿಟಕಿಯಿಂದ ಕಂಡ ಜಲಪಾತವದು. ಕಾಗುಣಿತದ ತಪ್ಪುಗಳು ಹದಿನೇಳಿದ್ದವು; ನಾವು ಎಣಿಸಿದೆವು, ಕೆಂಪು ಶಾಯಿಯನ್ನು ಮಾತ್ರ ಮುಟ್ಟಲಿಲ್ಲ.

ಕಪಾಟು ಈಗಲೂ ಅದೇ. ಬೀಗವಿಲ್ಲ, ಪುಸ್ತಕಗಳೂ ಸಾಲವು. ಹಳೆಯ ವಿದ್ಯಾರ್ಥಿ ಬಂಧುಗಳಲ್ಲಿ ನಮ್ಮದೊಂದು ಬಿನ್ನಹ: ನಿಮ್ಮ ಮನೆಗಳ ಅಟ್ಟದ ಮೇಲೆ ಚಂದಮಾಮ, ಬಾಲಮಂಗಳ, ಕನ್ನಡದ ಅಮರ ಚಿತ್ರಕಥೆಗಳ ಹಳೆಯ ಪ್ರತಿಗಳು ಕಟ್ಟು ಬಿಚ್ಚದೆ ಬಿದ್ದಿದ್ದರೆ ದಯವಿಟ್ಟು ನಮಗೆ ಕೊಡಿ. ಮುಖಪುಟ ಹರಿದಿದ್ದರೂ ಅಡ್ಡಿಯಿಲ್ಲ, ಕೊನೆಯ ಪುಟವೊಂದು ಇರಲಿ. ಸಂಜೆ ನಾವು ಗೋವೆಗೆ ಮರಳುವ ಗಾಡಿಯಲ್ಲಿ ಜಾಗವಿದೆ.