ನಕಾಶೆಯ ಹಿಂದಿನ ಹಲ್ಲಿ



ಅಮೆರಿಕದ ಎಷ್ಟೋ ಶಾಲೆಗಳಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಹಲ್ಲಿ ಸಾಕುತ್ತಾರೆ. ಅದಕ್ಕೆ ಬೆಚ್ಚಗಿನ ದೀಪವಿರುತ್ತದೆ, ಹುಳು ತಿನ್ನಿಸಲು ಮಕ್ಕಳು ಪಾಳಿ ಹಚ್ಚಿಕೊಳ್ಳುತ್ತಾರೆ. ನಾನು ಪಾಠ ಮಾಡುತ್ತಿದ್ದ ನಾಲ್ಕನೇ ತರಗತಿಯ ಹಲ್ಲಿಯನ್ನು ಮಾತ್ರ ಯಾರೂ ತಂದವರಲ್ಲ. ಕರಿಹಲಗೆಯ ಪಕ್ಕ ತೂಗುಹಾಕಿದ್ದ ಕರ್ನಾಟಕದ ನಕಾಶೆಯ ಹಿಂದೆ ತಾನಾಗಿಯೇ ಬಂದು ಸೇರಿಕೊಂಡಿತ್ತು. ಕೆಲವು ದಿನ ಬೀದರಿನ ಮೇಲೆ ಬಾಲ, ಕೆಲವು ದಿನ ಚಾಮರಾಜನಗರದ ಕೆಳಗೆ ತಲೆ.

ಅದು ಲೊಚಗುಟ್ಟಿದರೆ ಮಕ್ಕಳು ಬೆಂಚು ತಟ್ಟಿ ‘ಕೃಷ್ಣ ಕೃಷ್ಣ’ ಎನ್ನುತ್ತಿದ್ದರು. ಹಲ್ಲಿ ಮೈಮೇಲೆ ಬಿದ್ದರೆ ಪಂಚಾಂಗದಲ್ಲಿ ಫಲ ನೋಡುವ ಮನೆಗಳಿಂದ ಬಂದ ಮಕ್ಕಳು. ನಾನೂ ಅಂಥ ಮನೆಯವಳೇ. ಮಳೆಗಾಲದ ಕತ್ತಲ ಮಧ್ಯಾಹ್ನ ಟ್ಯೂಬ್‌ಲೈಟ್ ಹಾಕಿದರೆ ಸಾಕು, ಮಳೆಹುಳ ಹಿಡಿಯಲು ಅದು ಈಚೆ ಬರುತ್ತಿತ್ತು. ರೆಪ್ಪೆಯಿಲ್ಲದ ಕಣ್ಣನ್ನು ನಾಲಿಗೆಯಿಂದ ನೆಕ್ಕಿ ಒರೆಸಿಕೊಳ್ಳುವುದನ್ನು ಮೊದಲು ಕಂಡವಳು ಹಿಂದಿನ ಬೆಂಚಿನ ಹುಡುಗಿ. ಅಂದಿನಿಂದ ಭಯ ಹೋಗಿ ಕುತೂಹಲ ಬಂತು.

ಒಂದು ದಿನ ನಕಾಶೆ ಕಳಚಿ ಬಿತ್ತು, ಹಲ್ಲಿಯ ಬಾಲ ತುಂಡಾಯಿತು. ನೆಲದ ಮೇಲೆ ಆ ತುಂಡು ಬಿಡದೆ ಹೊರಳಾಡಿತು. ಬೆಕ್ಕೋ ಹಕ್ಕಿಯೋ ಅದನ್ನೇ ನೋಡುತ್ತಾ ನಿಂತಾಗ ಹಲ್ಲಿ ಪಾರಾಗಬೇಕು, ಅದಕ್ಕೇ ಈ ಏರ್ಪಾಡು. ಆದರೆ ಬಾಲದಲ್ಲಿ ಕೂಡಿಟ್ಟ ಕೊಬ್ಬೂ ಅದರ ಜೊತೆಗೇ ಹೋಗುತ್ತದೆ, ಕಷ್ಟಕಾಲದ ಬುತ್ತಿ ಅದು. ಮಕ್ಕಳು ಕ್ಯಾಲೆಂಡರಿನಲ್ಲಿ ಆ ದಿನಕ್ಕೆ ಸುತ್ತು ಹಾಕಿದರು. ಮೊಂಡು ತುದಿ ದಿನದಿನಕ್ಕೂ ಚಿಗುರಿತು, ಬಣ್ಣ ಮಾತ್ರ ಬೇರೆ. ಹೊಸ ಬಾಲದೊಳಗೆ ಮೂಳೆಯ ಬದಲು ಮೃದ್ವಸ್ಥಿಯ ಕೋಲು ಬೆಳೆಯುತ್ತದೆ. ನಮ್ಮ ಕಿವಿಯಲ್ಲಿರುವುದೂ ಮೃದ್ವಸ್ಥಿಯೇ ಎಂದಾಗ ಇಡೀ ತರಗತಿ ಕಿವಿ ಮಡಚಿ ನೋಡಿಕೊಂಡಿತು.

ಹಲ್ಲಿ ಗೋಡೆಗೆ ಹೇಗೆ ಅಂಟುತ್ತದೆ ಎಂದು ಮಕ್ಕಳು ಕೇಳಿದರು. ಅದರ ಪಾದದಲ್ಲಿ ಗೋಂದಿಲ್ಲ. ಗಾತ್ರದಲ್ಲಿ ದೊಡ್ಡದಾದ ಟೋಕೆ ಹಲ್ಲಿಯ ಒಂದೊಂದು ಪಾದದಲ್ಲೂ ಕಣ್ಣಿಗೆ ಕಾಣದ ಸುಮಾರು 5 ಲಕ್ಷ ಕೂದಲುಗಳಿವೆ. ಅವುಗಳ ಸೀಳಿದ ತುದಿ ಗೋಡೆಗೆ ತೀರಾ ಹತ್ತಿರವಾದಾಗ ಅಣುಗಳ ನಡುವಿನ ಸೆಳೆತವೇ ಹಿಡಿದುಕೊಳ್ಳುತ್ತದೆ. 2002ರಲ್ಲಿ ವಿಜ್ಞಾನಿ ಕೆಲ್ಲರ್ ಆಟಮ್ ಮತ್ತು ಸಂಗಡಿಗರು ಇದಕ್ಕೆ ಪುರಾವೆ ಕೊಟ್ಟರು.

ಇನ್ನೊಂದು ಮಾತು ಹೇಳಲೇಬೇಕು. ನಮ್ಮ ಮನೆ ಹಲ್ಲಿಗೆ ವಿಷವಿಲ್ಲ. ಆದರೂ ಅದು ಬಿದ್ದ ಸಾಂಬಾರನ್ನು ಚೆಲ್ಲುವುದು ಸರಿಯೇ. ಹಿಕ್ಕೆಯಲ್ಲಿ ಹೊಟ್ಟೆ ಕೆಡಿಸುವ ರೋಗಾಣುಗಳಿರಬಹುದು. ಆ ಭಯಕ್ಕೆ ಹಲ್ಲಿಯನ್ನೇ ಬಡಿದು ಕೊಲ್ಲುವುದು ತಪ್ಪು.

ಇಂದು ಸಂಜೆ ದೀಪ ಹಚ್ಚಿದ ಮೇಲೆ ಗೋಡೆಯ ಮೇಲೆ ಹಲ್ಲಿ ಕಂಡರೆ ಪೊರಕೆ ಎತ್ತಬೇಡಿ. ಮಕ್ಕಳನ್ನು ಕರೆದು ತೋರಿಸಿ.