ಕೂಸು ಅತ್ತಾಗ ಬಾಯಿಗೇನು ಕೊಡಬೇಕು?

(ತಾಯಂದಿರ ಸಭೆಯಲ್ಲಿ ನೀಡಿದ ಉಪನ್ಯಾಸ)



ನಮ್ಮ ಹೆರಿಗೆ ವಿಭಾಗದಲ್ಲಿ ತಾಯಂದಿರು ಹೆಚ್ಚಾಗಿ ಕೇಳುವ ಪ್ರಶ್ನೆ ಒಂದಿದೆ. "ಸಿಸ್ಟರ್, ಕೂಸು ನನ್ನ ಎದಿ ಬಿಟ್ಟು ಇರೂದೇ ಇಲ್ಲ. ಅಂಗಡ್ಯಾಗ ಸಿಗೂ ನಿಪ್ಪಲ್ ಬಾಯಾಗಿಟ್ಟರ ಉಗುಳತೈತಿ. ಏನ ಮಾಡ್ಲಿ?" ಈ ಪ್ರಶ್ನೆಗೆ ಉತ್ತರ ಕೊಡುವ ಮೊದಲು ಇನ್ನೊಂದು ಪ್ರಶ್ನೆ ಕೇಳಿಕೊಳ್ಳಬೇಕು. ಕೂಸು ಯಾಕೆ ಅಳುತ್ತಿದೆ? ಕಾರಣ ತಿಳಿಯದೆ ಬಾಯಿ ಮುಚ್ಚಿಸಲು ಹೋದರೆ ಹಾಲೂ ಕಡಿಮೆಯಾಗುತ್ತದೆ, ಕೂಸಿನ ತೂಕವೂ ಇಳಿಯುತ್ತದೆ.

ಅಳು ಎಂದರೆ ಹಾಲು ಸಾಲದು ಎಂದಲ್ಲ

ಹುಟ್ಟಿದ ಎರಡು ವಾರದ ನಂತರ ಕೂಸಿನ ಅಳು ಹೆಚ್ಚಾಗುತ್ತ ಹೋಗುತ್ತದೆ. ಸುಮಾರು ಆರು ವಾರಕ್ಕೆ ಅದು ಅತಿ ಹೆಚ್ಚು. ಆರೋಗ್ಯವಂತ ಕೂಸು ಕೂಡ ಆಗ ದಿನಕ್ಕೆ ಎರಡು ಮೂರು ತಾಸು ಅಳಬಹುದು, ಅದೂ ಸಂಜೆ ಹೊತ್ತು ಜಾಸ್ತಿ. ಮೂರು ನಾಲ್ಕು ತಿಂಗಳಿಗೆ ತಾನಾಗಿಯೇ ಇಳಿಯುತ್ತದೆ. ಇದು ಪ್ರಪಂಚದ ಎಲ್ಲ ಕಡೆಯ ಕೂಸುಗಳಲ್ಲೂ ಕಂಡುಬರುವ ಸಂಗತಿ.

ಆದರೆ ಇದೇ ಹೊತ್ತಿಗೆ ಮನೆಯಲ್ಲಿ ಮಾತು ಶುರುವಾಗುತ್ತದೆ. "ನಿನ್ನ ಹಾಲು ಸಾಲೂದಿಲ್ಲವ್ವ, ಬಾಟ್ಲಿ ಹಚ್ಚು" ಎಂದು ಅತ್ತೆ ಕಾಳಜಿಯಿಂದಲೇ ಹೇಳುತ್ತಾರೆ. ಬಾಟಲಿ ಬಂತೆಂದರೆ ಕೂಸು ಎದೆ ಚೀಪುವುದು ಕಡಿಮೆ. ಚೀಪುವುದು ಕಡಿಮೆಯಾದರೆ ಹಾಲು ಉತ್ಪತ್ತಿಯೂ ಕಡಿಮೆ. ಆಗ ಹಾಲು ನಿಜವಾಗಿಯೂ ಸಾಲದಾಗುತ್ತದೆ.

ಹಾಲು ಸಾಲುತ್ತಿದೆಯೇ ಎಂದು ಅಳುವಿನಿಂದ ಅಳೆಯಬೇಡಿ. ಮೊದಲ ವಾರ ದಾಟಿದ ಕೂಸು ದಿನಕ್ಕೆ ಆರು ಸಲ ಅಥವಾ ಹೆಚ್ಚು ಉಚ್ಚೆ ಹೊಯ್ದರೆ, ಎರಡು ವಾರದೊಳಗೆ ಹುಟ್ಟಿದಾಗಿನ ತೂಕಕ್ಕೆ ಮರಳಿ ಬಂದು ಮುಂದೆ ಏರುತ್ತಿದ್ದರೆ, ಹಾಲು ಸಾಲುತ್ತಿದೆ ಎಂದೇ ಅರ್ಥ. ಹಗಲು ರಾತ್ರಿ ಸೇರಿ ೮ರಿಂದ ೧೨ ಸಲ ಉಣಿಸಬೇಕಾಗುವುದು ಸಹಜ. ಆಶಾ ಕಾರ್ಯಕರ್ತೆ ಮನೆಗೆ ಬಂದಾಗ ತೂಕ ಮಾಡಿಸಿ, ತಾಯಿ ಕಾರ್ಡಿನಲ್ಲಿ ಬರೆಸಿಕೊಳ್ಳಿ.

ಮೊದಲು ಕಾರಣ ಹುಡುಕಿರಿ

ಕೂಸು ಅತ್ತಾಗ ಈ ಕ್ರಮದಲ್ಲಿ ನೋಡಿರಿ.

೧. ಹಸಿವು. ಬಾಯಿ ತೆರೆದು ಆಚೀಚೆ ಹುಡುಕುವುದು, ಕೈ ಚೀಪುವುದು ಹಸಿವಿನ ಮೊದಲ ಗುರುತು. ಅಳು ಕೊನೆಯ ಗುರುತು. ಅತ್ತು ಸಿಟ್ಟಾದ ಕೂಸಿಗೆ ಎದೆ ಹಿಡಿಯುವುದೂ ಕಷ್ಟ. ಆದ್ದರಿಂದ ಅಳುವ ಮೊದಲೇ ಉಣಿಸಿರಿ.
೨. ಹಸಿ ಅರಿವೆ, ತೇಗು ಬರದೆ ಹೊಟ್ಟೆ ಉಬ್ಬಿರುವುದು.
೩. ಸೆಕೆ. ಬಾಣಂತಿ ಕೋಣೆಯ ಕಿಡಕಿ ಮುಚ್ಚಿ, ಅಗ್ಗಿಷ್ಟಿಕೆ ಇಟ್ಟು, ಮೇಲೆ ಕುಂಚಿಗೆ, ಅದರ ಮೇಲೆ ದುಪ್ಪಟಿ ಹೊದಿಸಿದರೆ ಏಪ್ರಿಲ್ ತಿಂಗಳ ಬಿಸಿಲಲ್ಲಿ ಕೂಸು ಅಳದೆ ಏನು ಮಾಡೀತು? ಹೊಗೆಯಂತೂ ಬೇಡವೇ ಬೇಡ.
೪. ಬಿಗಿಯಾದ ಕರಿದಾರ, ಬೆರಳಿಗೆ ಸುತ್ತಿಕೊಂಡ ಕೂದಲು, ಇರುವೆ. ಬಟ್ಟೆ ಬಿಚ್ಚಿ ಮೈಯೆಲ್ಲ ನೋಡಿರಿ.
೫. ದಣಿವು. ದಿನವಿಡೀ ನೆಂಟರು ಒಬ್ಬರಾದ ಮೇಲೊಬ್ಬರು ಎತ್ತಿಕೊಂಡಿದ್ದರೆ ಸಂಜೆಗೆ ಕೂಸು ರಚ್ಚೆ ಹಿಡಿಯುತ್ತದೆ.

ನಮ್ಮ ಭಾಗಕ್ಕೇ ಸಂಬಂಧಿಸಿದ ಇನ್ನೊಂದು ಕಾರಣವಿದೆ. ನಿಪ್ಪಾಣಿ ಸುತ್ತಮುತ್ತ ತಂಬಾಕಿನ ವಖಾರಿಯಲ್ಲಿ ದುಡಿಯುವ, ಮನೆಯಲ್ಲಿ ಬೀಡಿ ಕಟ್ಟುವ ತಾಯಂದಿರು ಬಹಳ. ಹಲ್ಲಿಗೆ ಮಿಸ್ರಿ ಹಚ್ಚುವ ರೂಢಿಯೂ ಇದೆ. ಮಿಸ್ರಿಯಲ್ಲಿರುವ ನಿಕೋಟಿನ್ ರಕ್ತಕ್ಕೆ ಸೇರಿ ಎದೆಹಾಲಿಗೂ ಬರುತ್ತದೆ. ಅದರಿಂದ ಕೂಸಿನ ನಿದ್ದೆ ಕೆಡುತ್ತದೆ, ಕಿರಿಕಿರಿ ಹೆಚ್ಚುತ್ತದೆ. ಹಾಗೆಂದು ಎದೆಹಾಲು ನಿಲ್ಲಿಸಬೇಡಿ, ಮಿಸ್ರಿ ನಿಲ್ಲಿಸಿರಿ. ತಂಬಾಕಿನ ಕೆಲಸ ಮಾಡಿ ಬಂದವರು ಮೊಣಕೈವರೆಗೆ ಸಾಬೂನು ಹಚ್ಚಿ ತೊಳೆದು, ಸೀರೆ ಬದಲಿಸಿ, ಆಮೇಲೆ ಕೂಸನ್ನು ಎತ್ತಿಕೊಳ್ಳಿರಿ. ಚಹಾ ಕೂಡ ದಿನಕ್ಕೆ ಎರಡು ಕಪ್ಪಿಗೆ ಸಾಕು.

ನಿಪ್ಪಲ್ ಯಾವಾಗ, ಹೇಗೆ?

ಹಾಲಿಲ್ಲದೆ ಬರೀ ಚೀಪಲು ಕೊಡುವ ನಿಪ್ಪಲ್ ಬಗ್ಗೆ ಎರಡು ಮಾತುಗಳಿವೆ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ೧೯೮೯ರಲ್ಲಿ ಹೆರಿಗೆ ಆಸ್ಪತ್ರೆಗಳಿಗೆ ಹತ್ತು ಸೂತ್ರಗಳನ್ನು ಕೊಟ್ಟವು. ಎದೆಹಾಲು ಕುಡಿಯುವ ಕೂಸಿಗೆ ನಿಪ್ಪಲ್ ಕೊಡಲೇಬಾರದು ಎಂಬುದು ಅವುಗಳಲ್ಲೊಂದು. ೨೦೧೮ರಲ್ಲಿ ಆ ಸೂತ್ರವನ್ನು ತಿದ್ದಿ, ಬಾಟಲಿ ಮತ್ತು ನಿಪ್ಪಲ್‌ಗಳ ಬಳಕೆ ಹಾಗೂ ಅಪಾಯಗಳನ್ನು ತಾಯಿಗೆ ತಿಳಿಸಿ ಹೇಳಬೇಕು ಎಂದು ಮಾಡಿದರು. ಇನ್ನೊಂದು ಕಡೆ, ಅಮೆರಿಕದ ಮಕ್ಕಳ ವೈದ್ಯರ ಸಂಘವು ೨೦೦೫ರಿಂದ, ನಿದ್ದೆಯ ಹೊತ್ತಿಗೆ ನಿಪ್ಪಲ್ ಕೊಟ್ಟರೆ ನಿದ್ದೆಯಲ್ಲಿ ಹಠಾತ್ ಸಾವು ಕಡಿಮೆ ಎನ್ನುತ್ತಿದೆ. ಆದರೆ ಎದೆಹಾಲು ಚೆನ್ನಾಗಿ ರೂಢಿಯಾದ ಮೇಲೆ ಮಾತ್ರ ಎಂದು ಅವರೂ ಹೇಳುತ್ತಾರೆ.

ಆದ್ದರಿಂದ ನಾವು ಹೇಳುವುದು ಇಷ್ಟು. ನಿಪ್ಪಲ್ ಕೊಡಲೇಬೇಕಾದ ವಸ್ತುವಲ್ಲ. ಕೊಡುವುದಾದರೆ:

– ಮೊದಲ ಒಂದು ತಿಂಗಳು ಬೇಡ. ಕೂಸು ಎದೆ ಸರಿಯಾಗಿ ಹಿಡಿಯುತ್ತಿರಬೇಕು, ತೂಕ ಏರುತ್ತಿರಬೇಕು.
– ಹೊಟ್ಟೆ ತುಂಬಿದ ಮೇಲೆ, ನಿದ್ದೆಯ ಹೊತ್ತಿಗೆ ಮಾತ್ರ. ಹಸಿದ ಕೂಸಿಗೆ ನಿಪ್ಪಲ್ ಕೊಟ್ಟು ಮುಂದೂಡುವುದು ಮೋಸ.
– ತುಟಿಗೆ ಮೆಲ್ಲಗೆ ತಾಗಿಸಿ ಕಾಯಿರಿ. ತಾನೇ ಬಾಯಿ ತೆರೆದರೆ ಸರಿ, ಉಗುಳಿದರೆ ಬಿಡಿರಿ. ತುರುಕಬೇಡಿ. ಎಷ್ಟೋ ಕೂಸುಗಳು ಅದನ್ನು ಒಪ್ಪುವುದೇ ಇಲ್ಲ. ಅದು ದೋಷವಲ್ಲ.
– ಬಿಡಿ ಭಾಗಗಳಿಲ್ಲದ ಅಖಂಡ ನಿಪ್ಪಲ್ ಇರಲಿ. ದಿನಾಲು ಐದು ನಿಮಿಷ ಕುದಿಸಿರಿ. ನೆಲಕ್ಕೆ ಬಿದ್ದದ್ದನ್ನು ಸೆರಗಿಗೆ ಒರೆಸಿ ಕೊಡಬೇಡಿ.
– ದಾರ ಕಟ್ಟಿ ಕೊರಳಿಗೆ ಹಾಕಬೇಡಿ, ಉರುಲಾಗುತ್ತದೆ.
– ಜೇನು, ಬೆಲ್ಲ, ಸಕ್ಕರೆ ಹಚ್ಚಬೇಡಿ. ಜೇನಿನಲ್ಲಿ ಬೊಟುಲಿಸಮ್ ಎಂಬ ಪ್ರಾಣಾಂತಿಕ ರೋಗದ ಬೀಜ ಇರಬಹುದು. ವರ್ಷ ತುಂಬುವವರೆಗೆ ಜೇನು ನೆಕ್ಕಿಸಲೇಬಾರದು.
– ಆರು ತಿಂಗಳ ನಂತರ ಮೆಲ್ಲಗೆ ಬಿಡಿಸಿರಿ. ಬಹಳ ದಿನ ಚೀಪಿದರೆ ಕಿವಿ ಸೋರುವ ಸಂಭವ ಹೆಚ್ಚು.

ನಿದ್ದೆ ಬರಿಸುವ ಔಷಧ ಬೇಡ

ಅಜ್ಜಿಯರಿಗೆ ಒಂದು ವಿನಂತಿ. ಜಾಜಿಕಾಯಿ ತೇಯ್ದು ನೆಕ್ಕಿಸುವುದು, ಗಸಗಸೆ ಕುದಿಸಿದ ನೀರು ಹಾಕುವುದು ಹಿಂದಿನಿಂದ ಬಂದದ್ದು. "ಛಲೋ ಮಲಗತೈತಿ" ಎನ್ನುತ್ತೀರಿ. ಅದು ನಿದ್ದೆಯಲ್ಲ, ಮಂಪರು. ಗಸಗಸೆ ಅಫೀಮಿನ ಗಿಡದ್ದೇ ಬೀಜ. ಮಂಪರಿನ ಕೂಸು ಹಸಿವೆಯಾದರೂ ಏಳುವುದಿಲ್ಲ, ಉಸಿರೂ ನಿಧಾನವಾಗಬಹುದು. ಆರು ತಿಂಗಳವರೆಗೆ ಎದೆಹಾಲು ಬಿಟ್ಟು ನೀರು, ಬಜೆ, ಘುಟ್ಟಿ, ಗ್ರೈಪ್ ವಾಟರ್ ಯಾವುದೂ ಬೇಕಿಲ್ಲ. ವೈದ್ಯರು ಬರೆದುಕೊಟ್ಟ ಔಷಧ ಮಾತ್ರ ಕೊಡಿರಿ.

ನಮ್ಮ ಹಿರಿಯರು ಬಿಟ್ಟುಹೋದ ಒಳ್ಳೆಯ ಔಷಧ ಬೇರೆ ಇದೆ. ತೊಟ್ಟಿಲು, ಜೋಗುಳ, ಮಡಿಲು. ಇವುಗಳಿಗೆ ಯಾವ ಅಡ್ಡ ಪರಿಣಾಮವೂ ಇಲ್ಲ.

ತಾನೇ ಸಮಾಧಾನವಾಗುವುದನ್ನು ಕಲಿಸುವುದು

"ಎತ್ತಿಕೊಂಡರ ಎತ್ತಿಕೊಳ್ಳೂದ ರೂಢಿ ಆಗತೈತಿ" ಎಂದು ಹೇಳುವವರಿದ್ದಾರೆ. ಮೊದಲ ಮೂರು ತಿಂಗಳು ಈ ಹೆದರಿಕೆ ಬೇಡ. ಆ ವಯಸ್ಸಿನ ಕೂಸಿಗೆ ತನ್ನಷ್ಟಕ್ಕೆ ಸಮಾಧಾನವಾಗುವ ಶಕ್ತಿ ಇನ್ನೂ ಬಂದಿರುವುದಿಲ್ಲ. ಎದೆಯ ಮೇಲೆ ಚರ್ಮಕ್ಕೆ ಚರ್ಮ ತಾಗುವಂತೆ ಮಲಗಿಸಿಕೊಳ್ಳಿರಿ, ಬೆನ್ನು ಸವರಿರಿ, ಮೆಲ್ಲಗೆ ಓಡಾಡಿರಿ, ಒಂದೇ ದನಿಯಲ್ಲಿ ಹಾಡಿರಿ. ಹಾಲಿಲ್ಲದಿದ್ದರೂ ಎದೆ ಚೀಪುತ್ತ ಮಲಗುವುದು ತಪ್ಪಲ್ಲ.

ನಾಲ್ಕು ತಿಂಗಳ ಹೊತ್ತಿಗೆ ಕಲಿಸಲು ಶುರುಮಾಡಬಹುದು. ದಿನಾಲು ಅದೇ ಹೊತ್ತು, ಅದೇ ಕ್ರಮ: ಮೈ ಒರೆಸುವುದು, ಹಾಲು, ತೇಗು, ಜೋಗುಳ. ಪೂರ್ತಿ ನಿದ್ದೆ ಹತ್ತುವ ಮೊದಲೇ, ಕಣ್ಣು ಎಳೆಯುತ್ತಿರುವಾಗ, ತೊಟ್ಟಿಲಲ್ಲಿ ಅಂಗಾತ ಮಲಗಿಸಿರಿ. ಎದೆಯ ಮೇಲೆ ಕೈ ಇಡಿರಿ. ಕುಂಯ್ ಎಂದ ಕೂಡಲೆ ಎತ್ತದೆ ಸ್ವಲ್ಪ ಕಾಯಿರಿ. ಜೋರಾಗಿ ಅತ್ತರೆ ಎತ್ತಿಕೊಳ್ಳಿರಿ. ಬೆರಳು ಚೀಪಿದರೆ ಬಿಡಿಸಬೇಡಿ, ಅದೇ ಅದರ ಸಮಾಧಾನ. ಕೈ ತೊಳೆದು, ಉಗುರು ಕತ್ತರಿಸಿಟ್ಟರೆ ಸಾಕು. ಕಬ್ಬಿನ ಹೊಲದಲ್ಲಿ ಸೀರೆಯ ಜೋಳಿಗೆ ಕಟ್ಟುವವರು ಕೂಸಿನ ಗದ್ದ ಎದೆಗೆ ಒತ್ತಿಕೊಳ್ಳದಂತೆ, ಮೂಗಿನ ಮೇಲೆ ಬಟ್ಟೆ ಬೀಳದಂತೆ ನೋಡಿಕೊಳ್ಳಿರಿ. ಸಣ್ಣ ಹುಡುಗರ ಕೈಗೆ ತೂಗಲು ಬಿಟ್ಟು ದೂರ ಹೋಗಬೇಡಿ.

ಕೆಲಸಕ್ಕೆ ಹೋಗುವ ತಾಯಿ

ಕಬ್ಬಿನ ಹಂಗಾಮು, ತಂಬಾಕಿನ ವಖಾರಿ, ಅಥಣಿ ಕಡೆಯ ಚಪ್ಪಲಿ ಹೆಣಿಗೆ. ಬಾಣಂತನ ಮುಗಿಯುವುದರೊಳಗೆ ಕಾಯಕ ಕರೆಯುತ್ತದೆ. ಅಂಥ ಮನೆಯಲ್ಲಿ ಅಜ್ಜಿಯೇ ಎರಡನೆಯ ತಾಯಿ. ಹೋಗುವ ಹತ್ತು ಹದಿನೈದು ದಿನ ಮೊದಲೇ ರೂಢಿ ಮಾಡಿಸಿರಿ. ಹಾಲು ಕೈಯಿಂದ ಹಿಂಡಿ, ಕುದಿಸಿ ಆರಿಸಿದ ಸ್ಟೀಲ್ ಡಬ್ಬಿಯಲ್ಲಿ ಮುಚ್ಚಿಡಿರಿ. ನೆರಳಿನಲ್ಲಿ ನಾಲ್ಕು ತಾಸು, ಫ್ರಿಜ್ಜಿನಲ್ಲಿ ೨೪ ತಾಸು ಇರುತ್ತದೆ. ಎದೆಹಾಲನ್ನು ಕುದಿಸಬಾರದು. ಬಿಸಿನೀರಿನಲ್ಲಿ ಡಬ್ಬಿ ಇಟ್ಟು ಉಗುರುಬೆಚ್ಚಗೆ ಮಾಡಿರಿ. ಬಾಟಲಿ ಬೇಡ, ಕೂಸನ್ನು ನೆಟ್ಟಗೆ ಕೂಡಿಸಿಕೊಂಡು ಒಳಲೆಯಿಂದ ಅಥವಾ ವಾಟಿ ಚಮಚೆಯಿಂದ ಸ್ವಲ್ಪ ಸ್ವಲ್ಪವೇ ಕುಡಿಸಿರಿ.

ತಾಯಿ ಎದುರಿಗಿದ್ದರೆ ಕೂಸು ಒಳಲೆಗೆ ಮುಖ ತಿರುಗಿಸುತ್ತದೆ, ಅವಳ ವಾಸನೆ ಅದಕ್ಕೆ ಗೊತ್ತು. ಆಗ ಅಜ್ಜಿಯೇ ಕುಡಿಸಲಿ, ತಾಯಿ ಆಚೆ ಕೋಣೆಯಲ್ಲಿರಲಿ. ತಾಯಿ ಉಟ್ಟ ಮೆತ್ತನೆಯ ಸೀರೆಯ ತುಂಡನ್ನು ಅಜ್ಜಿ ಹೆಗಲ ಮೇಲೆ ಹಾಕಿಕೊಂಡರೆ ಕೂಸು ಬೇಗ ಒಗ್ಗುತ್ತದೆ. ಸಂಜೆ ತಾಯಿ ಬಂದ ಕೂಡಲೆ ಎದೆಗೆ ಹಾಕಿಕೊಳ್ಳಲಿ. ರಾತ್ರಿ ಹೆಚ್ಚು ಸಲ ಉಣಿಸಿದರೆ ಹಾಲು ಉಳಿಯುತ್ತದೆ.

ತಡಮಾಡದೆ ಆಸ್ಪತ್ರೆಗೆ ಬನ್ನಿರಿ

ಕೂಸು ಹಾಲು ಕುಡಿಯುವುದನ್ನು ಬಿಟ್ಟರೆ, ಎಬ್ಬಿಸಿದರೂ ಏಳದೆ ಮಂಕಾಗಿದ್ದರೆ, ಅಳು ಎಂದಿನಂತಿರದೆ ಕೀರಲಾಗಿದ್ದರೆ, ಮೈ ಸುಟ್ಟರೆ ಅಥವಾ ತಣ್ಣಗಾದರೆ, ಉಸಿರಾಡುವಾಗ ಎದೆ ಒಳಸೇದಿದರೆ, ಹಸಿರು ವಾಂತಿಯಾದರೆ, ಮಲದಲ್ಲಿ ರಕ್ತ ಕಂಡರೆ, ನೆತ್ತಿ ಕುಸಿದರೆ ಅಥವಾ ಉಬ್ಬಿದರೆ ಮನೆಮದ್ದು ಮಾಡುತ್ತ ಕೂಡಬೇಡಿ. ೧೦೮ಕ್ಕೆ ಫೋನ್ ಮಾಡಿರಿ.

ಇನ್ನೊಂದು ಮಾತು. ಅರ್ಧರಾತ್ರಿ ಕೂಸು ನಿಲ್ಲದೆ ಅಳುವಾಗ ತಾಯಿಗೆ ಸಿಟ್ಟು ಬರುತ್ತದೆ, ಅಳುವೂ ಬರುತ್ತದೆ. ಅದಕ್ಕೆ ಅವಳು ಕೆಟ್ಟ ತಾಯಿಯಲ್ಲ, ನಿದ್ದೆಗೆಟ್ಟ ತಾಯಿ. ಆ ಹೊತ್ತಿನಲ್ಲಿ ಕೂಸನ್ನು ಅಲುಗಾಡಿಸಿ ಜಗ್ಗಬೇಡಿ. ಎಳೆ ಮೆದುಳಿನೊಳಗೆ ರಕ್ತಸ್ರಾವವಾಗಿ ಜೀವ ಹೋಗಬಹುದು. ತೊಟ್ಟಿಲಲ್ಲಿ ಅಂಗಾತ ಮಲಗಿಸಿ, ಐದು ನಿಮಿಷ ಹೊರಗೆ ಹೋಗಿ ನೀರು ಕುಡಿದು ಬನ್ನಿರಿ. ಗಂಡನನ್ನು ಎಬ್ಬಿಸಿರಿ, ಅತ್ತೆಯನ್ನು ಕರೆಯಿರಿ. ದಿನಗಟ್ಟಲೆ ಮನಸ್ಸು ಕುಗ್ಗಿ, ಊಟ ನಿದ್ದೆ ಬೇಡವಾಗಿ, ಕೂಸಿನ ಮೇಲೂ ಮನಸ್ಸಿಲ್ಲದಂತಾದರೆ ಅದೂ ಒಂದು ಕಾಯಿಲೆ, ಅದಕ್ಕೂ ಔಷಧವಿದೆ. ನಾಚದೆ ಬಂದು ಹೇಳಿರಿ.

ಬೇರೆಯವರ ಕೈಯಲ್ಲಿ ಸಮಾಧಾನ ಕಂಡ ಕೂಸೇ ಮುಂದೆ ತನ್ನನ್ನು ತಾನು ಸಮಾಧಾನ ಮಾಡಿಕೊಳ್ಳಲು ಕಲಿಯುತ್ತದೆ. ಅಳುವ ಕೂಸನ್ನು ಸಂತೈಸುವುದು ತಾಯಿ ಒಬ್ಬಳ ಕೆಲಸವಲ್ಲ, ಮನೆಮಂದಿ ಎಲ್ಲ ಸೇರಿ ಮಾಡಬೇಕಾದ ದಾಸೋಹ. ಅರ್ಧ ತಾಸು ಕೂಸನ್ನು ಹೆಗಲಿಗೆ ಹಾಕಿಕೊಂಡು, "ನೀ ಮಲಗವ್ವ, ನಾ ನೋಡ್ಕೋತೀನಿ" ಎನ್ನುವವರು ಒಬ್ಬರಿದ್ದರೆ, ಎಷ್ಟೋ ಮನೆಗಳಲ್ಲಿ ನಿಪ್ಪಲ್ ಬೇಕಾಗುವುದೇ ಇಲ್ಲ.